ಕನಿಕರದ ಕೊಳ್ಳುವಿಕೆಯೂ ನ್ಯಾಯವಾದ ಬೆಲೆಯೂ

ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟೋಟಗಳ ಬಹುಮಾನ ಮೊದಲಾದವುಗಳ ವಿವರವು ಈ ಸ್ಮರಣ ಸಂಚಿಕೆಯಲ್ಲಿ ವರದಿಯ ರೂಪವಾಗಿ ಬೇರೆ ಅಚ್ಚಾಗಿರುವುದರಿಂದ, ಮುಖ್ಯೋಪಾಧ್ಯಾಯಿನಿಗೆ ಮೀಸಲಾದ ಈ ಪುಟಗಳಲ್ಲಿ ನಾನು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಬಯಸುವೆನು. ಅದು ನಮ್ಮ ವಾರ್ಷಿಕ ಕೈಗೆಲಸದ ಮಾರಾಟಕ್ಕೆ ಸಂಬಂಧಪಟ್ಟದ್ದು. ಆ ಮಾರಾಟದಲ್ಲಿ ನಮ್ಮ ಹುಡುಗಿಯರ ಹೊಲಿಗೆ, ಕಸೂತಿ, ಹೆಣಿಗೆಗಳ ಮೇಜುಗಳೊಂದಿಗೆ ಇನ್ನೊಂದು ಮೇಜೂ ಇರುವುದನ್ನು ತಾವು ಬಲ್ಲಿರಿ. ದೊಂಬಿಯಿಂದಲೋ ಯುದ್ಧದಿಂದಲೋ ಮನೆಮಾರು ಕಳೆದುಕೊಂಡ ಹೆಂಗಸರು ಮಾಡಿದ ಚೀಲ, ಕರವಸ್ತ್ರ, ಮೇಜಿನ ಬಟ್ಟೆಗಳನ್ನು ಅದರ ಮೇಲೆ ಇಟ್ಟಿರುತ್ತದೆ. ಒಂದೊಂದು ಸಾಮಾನಿಗೂ ಅದನ್ನು ಮಾಡಿದವಳ ದುಃಖವನ್ನು ನಾಲ್ಕು ಸಾಲಿನಲ್ಲಿ ತಿಳಿಸುವ ಒಂದು ಚೀಟಿ ಕಟ್ಟಿರುತ್ತದೆ. ಎಲ್ಲಕ್ಕಿಂತ ಮೊದಲು ಬರಿದಾಗುವ ಮೇಜು ಅದೇ. ಕೊಂಡುಹೋದ ಸಾಮಾನುಗಳಲ್ಲಿ ಎಷ್ಟು ಬಳಕೆಗೆ ಬರುವುವು, ಎಷ್ಟು ಬೀರುವಿನ ತಳದಲ್ಲಿ ನುಸಿಗುಳಿಗೆಯೊಡನೆ ಮಲಗುವುವು ಎಂಬುದು ಬೇರೆ ಪ್ರಶ್ನೆ.

ಈ ಮೇಜನ್ನು ಬರುವ ವರ್ಷದಿಂದ ತೆಗೆದುಬಿಡಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ನಮ್ಮ ಸಮಿತಿಯಲ್ಲಿ ಹೇಳಿದಾಗ ಕೆಲವರಿಗೆ ಆಶ್ಚರ್ಯವೂ, ಒಬ್ಬಿಬ್ಬರಿಗೆ ಬೇಸರವೂ ಆಯಿತು. ಮುಖ್ಯೋಪಾಧ್ಯಾಯಿನಿಯ ಮನಸ್ಸು ಕಲ್ಲಾಯಿತೇ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬರು ಸಲಿಗೆಯಿಂದಲೇ ಕೇಳಿದರು. ಆ ಪ್ರಶ್ನೆಗೆ ನಾಲ್ಕು ಮಾತಿನಲ್ಲಿ ಉತ್ತರ ಕೊಡುವುದಕ್ಕಾಗಲಿಲ್ಲ. ಆದಕಾರಣ ಇಲ್ಲಿ ಸಾವಕಾಶವಾಗಿ ಬರೆಯುತ್ತಿರುವೆನು. ನಾನು ಬೇಡವೆನ್ನುವುದು ಆ ಹೆಂಗಸರಿಂದ ಕೊಳ್ಳುವುದನ್ನಲ್ಲ. ಅವರ ಸಂಕಟವನ್ನು ಬಟ್ಟೆಯೊಡನೆ ಸೇರಿಸಿ ಮಾರುವುದನ್ನೂ, ವರ್ಷಕ್ಕೊಮ್ಮೆ ಕೊಂಡು ಮರೆತುಬಿಡುವುದನ್ನೂ ಬೇಡವೆನ್ನುವೆನು.

ಕನಿಕರವು ದೊಡ್ಡ ಗುಣವೇ ಸರಿ. ಆದರೆ ವ್ಯಾಪಾರಕ್ಕೆ ಬಂದಾಗ ಅದರಲ್ಲಿ ಒಂದು ದೋಷವುಂಟು: ಅದು ವೃತ್ತಪತ್ರಿಕೆಯನ್ನು ಹಿಂಬಾಲಿಸುವುದು. ೨೦೨೩ರ ಮೇ ೩ರಂದು ಮಣಿಪುರದಲ್ಲಿ ಗಲಭೆ ಆರಂಭವಾಗಿ ಸಾವಿರಾರು ಕುಟುಂಬಗಳು ಪರಿಹಾರ ಶಿಬಿರಗಳನ್ನು ಸೇರಿದಾಗ, ಅಲ್ಲಿಯ ಹೆಂಗಸರು ನೇಯ್ದ ಬಟ್ಟೆ ಎಲ್ಲಿ ಸಿಕ್ಕುವುದೆಂದು ನನ್ನನ್ನು ಅನೇಕರು ಕೇಳಿದರು. ಮರುವರ್ಷ ಕೇಳಿದವರು ಕಡಿಮೆಯಾದರು. ಆಮೇಲೆ ಯಾರೂ ಕೇಳಲಿಲ್ಲ. ಸುದ್ದಿಯು ಪತ್ರಿಕೆಯ ಮೊದಲನೆಯ ಪುಟದಿಂದ ಒಳಪುಟಕ್ಕೆ ಸರಿದಂತೆ ನಮ್ಮ ಕೊಳ್ಳುವ ಮನಸ್ಸೂ ಸರಿಯಿತು. ಮಗ್ಗದ ಮುಂದೆ ಕುಳಿತವಳಿಗಾದರೋ ಹಸಿವು ಹನ್ನೆರಡು ತಿಂಗಳೂ ಇರುವುದು. ೨೦೧೯-೨೦ರ ಕೈಮಗ್ಗದ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ನೇಯುವವರೂ ನೇಯ್ಗೆಗೆ ಸಂಬಂಧಪಟ್ಟ ಕೆಲಸದವರೂ ಸೇರಿ ೩೫ ಲಕ್ಷಕ್ಕೆ ಮೇಲ್ಪಟ್ಟಿರುವರು. ಅವರಲ್ಲಿ ಸುಮಾರು ೨೫ ಲಕ್ಷ ಮಂದಿ ಹೆಂಗಸರು. ಇಷ್ಟು ದೊಡ್ಡ ಸಮುದಾಯವನ್ನು ಆಗಾಗ ಉಕ್ಕುವ ಕನಿಕರದಿಂದ ಪೋಷಿಸಲು ಸಾಧ್ಯವಿಲ್ಲವೆಂಬುದಕ್ಕೆ ದೊಡ್ಡ ವಿಚಾರಶಕ್ತಿ ಬೇಕಾಗಿಲ್ಲ.

ದೂರದ ಮಣಿಪುರವನ್ನು ಬಿಟ್ಟು ನಮ್ಮ ಮೈಸೂರು ಜಿಲ್ಲೆಗೇ ಬರೋಣ. ನಂಜನಗೂಡು ತಾಲ್ಲೂಕಿನಲ್ಲಿ ಬದನವಾಳು ಎಂಬ ಗ್ರಾಮವಿದೆ. ತಗಡೂರು ರಾಮಚಂದ್ರರಾಯರಂಥ ದೇಶಸೇವಕರ ಪ್ರಯತ್ನದಿಂದ ಆ ಸೀಮೆಯಲ್ಲಿ ಖಾದಿಯ ಕೆಲಸವು ಬೇರೂರಿತು. ೧೯೨೭ರಲ್ಲಿ ಗಾಂಧೀಜಿಯವರು ಬದನವಾಳಿಗೆ ಬಂದುಹೋದರು. ನೂಲುವ ಕೇಂದ್ರವು ಆ ದಿನಗಳಿಂದ ಇಂದಿನವರೆಗೂ, ಒಮ್ಮೆ ಏಳುತ್ತ ಒಮ್ಮೆ ಬೀಳುತ್ತ, ನಡೆದುಬಂದಿದೆ. ಅಲ್ಲಿ ನೂಲುವವರಲ್ಲಿಯೂ ನೇಯುವವರಲ್ಲಿಯೂ ಹೆಂಗಸರೇ ಹೆಚ್ಚು. ರಂಗಕರ್ಮಿ ಶ್ರೀ ಪ್ರಸನ್ನನವರು ೨೦೧೫ರಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹವೊಂದನ್ನು ನಡೆಸಲು ಇದೇ ಗ್ರಾಮವನ್ನು ಆರಿಸಿಕೊಂಡರು. ಇಷ್ಟನ್ನು ಕೇಳಿದವರಿಗೆ ಇದೊಂದು ಶಾಂತಿಯ ಗ್ರಾಮವೆಂದು ತೋರುವುದು ಸಹಜ.

ಆದರೆ ಇದೇ ಬದನವಾಳಿನಲ್ಲಿ ೧೯೯೩ರ ಮಾರ್ಚಿ ತಿಂಗಳಲ್ಲಿ, ದೇವಾಲಯ ಪ್ರವೇಶದ ವಿಷಯವಾಗಿ ಹುಟ್ಟಿದ ಕಲಹದ ಬೆನ್ನಿಗೇ, ಮೂವರು ದಲಿತರ ಕೊಲೆಯಾಯಿತು. ದಲಿತರ ಮನೆಗಳಿಗೂ ಲಿಂಗಾಯತರ ಮನೆಗಳಿಗೂ ನಡುವೆ ಇದ್ದ ಒಂದು ದಾರಿಯು ಅಂದಿನಿಂದ ಬಳಕೆ ತಪ್ಪಿತು. ಗ್ರಾಮದ ದಾರಿ ಎಂದರೆ ಎಷ್ಟು ಉದ್ದವಿದ್ದೀತು? ಆದರೂ ಅದನ್ನು ದಾಟಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ೨೦೨೨ರ ಅಕ್ಟೋಬರ್ ೨ರಂದು ಶ್ರೀ ರಾಹುಲ್ ಗಾಂಧಿಯವರ ಪಾದಯಾತ್ರೆಯು ಅಲ್ಲಿಗೆ ಬಂದ ಸಂದರ್ಭದಲ್ಲಿ ಆ ದಾರಿಯನ್ನು ದುರಸ್ತಿಮಾಡಿ ಎರಡು ಕಡೆಯವರಿಗೂ ತೆರೆದರು. ಅದೇ ದಿನ ಅವರು ಖಾದಿ ಕೇಂದ್ರದ ಹೆಂಗಸರೊಡನೆಯೂ ಮಾತನಾಡಿದರು. ಪಕ್ಷ ರಾಜಕೀಯಕ್ಕೆ ಶಾಲೆಯ ಸಂಚಿಕೆಯಲ್ಲಿ ಸ್ಥಳವಿಲ್ಲ. ಯಾರು ತೆರೆಸಿದರೆಂಬುದಕ್ಕಿಂತ ಅಷ್ಟು ಕಾಲ ಮುಚ್ಚಿತ್ತೆಂಬುದೇ ನನಗೆ ಮುಖ್ಯ.

ಈ ಗ್ರಾಮದ ವೃತ್ತಾಂತವನ್ನು ನಾನು ಯಾತಕ್ಕೆ ಹೇಳಿದೆನೆಂದರೆ, ಕೈಕೆಲಸವು ಕಲಹವನ್ನು ಗುಣಪಡಿಸುವುದೆಂದು ಭಾಷಣಗಳಲ್ಲಿ ಬಹಳ ಸಲೀಸಾಗಿ ಹೇಳುತ್ತೇವೆ. ೧೯೯೩ರ ವೇಳೆಗೆ ಬದನವಾಳಿನಲ್ಲಿ ಚರಕವು ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ತಿರುಗಿತ್ತು. ಅದು ಕೊಲೆಯನ್ನು ತಡೆಯಲಿಲ್ಲ. ತಡೆಯಬೇಕಾದದ್ದು ಚರಕದ ಕೆಲಸವೂ ಅಲ್ಲ. ಅದು ನೆರೆಹೊರೆಯವರ, ಪೊಲೀಸಿನವರ, ನ್ಯಾಯಾಲಯದ, ಸರ್ಕಾರದ ಕೆಲಸ. ನೂಲುವ ಹೆಂಗಸಿನ ಮೇಲೆ ನೂಲಿನ ಜೊತೆಗೆ ಊರಿನ ಸಾಮರಸ್ಯದ ಭಾರವನ್ನೂ ಹೊರಿಸಿ, ಅವಳನ್ನು ಶಾಂತಿಯ ಸಂಕೇತವೆಂದು ಚಿತ್ರ ತೆಗೆದು ಚೀಟಿಯಲ್ಲಿ ಅಚ್ಚುಹಾಕಿಸುವುದು ಅವಳಿಗೆ ಮಾಡುವ ಗೌರವವೆಂದು ನನಗೆ ತೋರುವುದಿಲ್ಲ. ಅವಳು ನಮಗೆ ಕೊಡುವುದು ನೂಲು. ನಾವು ಅವಳಿಗೆ ಕೊಡತಕ್ಕದ್ದು ಕೂಲಿ.

ಆ ಕೂಲಿ ಎಷ್ಟು? ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೨೦೨೫ರ ಏಪ್ರಿಲ್ ೧ರಿಂದ ನೂಲುವವರಿಗೆ ಒಂದು ಲಡಿಗೆ ೧೫ ರೂಪಾಯಿ ಎಂದು ಗೊತ್ತುಮಾಡಿತು. ಅದಕ್ಕೆ ಮುಂಚೆ ೧೨ ರೂಪಾಯಿ ೫೦ ಪೈಸೆ ಇತ್ತು. ಒಂದು ಲಡಿ ಎಂದರೆ ಒಂದು ಸಾವಿರ ಮೀಟರ್ ನೂಲು. ನಾನು ಹಲವು ವರ್ಷ ಗಣಿತವನ್ನು ಬೋಧಿಸಿದವಳಾದ್ದರಿಂದ ಮುಂದಿನ ಲೆಕ್ಕವನ್ನು ಮಾಡದೆ ಇರಲಾರೆ. ೩೦೦ ರೂಪಾಯಿ ಸಂಪಾದಿಸಬೇಕಾದರೆ ಆಕೆ ಇಪ್ಪತ್ತು ಲಡಿ, ಅಂದರೆ ಇಪ್ಪತ್ತು ಕಿಲೋಮೀಟರ್ ನೂಲು ತೆಗೆಯಬೇಕು. ರಾಜಾಜಿನಗರದಿಂದ ಹಿಡಿದುಕೊಂಡು ಹೊರಟರೆ ಆ ನೂಲು ವಿಜಯನಗರವನ್ನೂ ಕೆಂಗೇರಿಯನ್ನೂ ದಾಟಿ ಕುಂಬಳಗೋಡಿನ ಸಮೀಪಕ್ಕೆ ಮುಟ್ಟುವುದು. ಎಳೆ ಕಡಿದರೆ ಗಂಟು ಹಾಕಬೇಕು. ಹಂಜಿ ಕೆಟ್ಟದ್ದಾದರೆ ಹೊತ್ತು ವ್ಯರ್ಥ. ವಿದ್ಯುತ್ತು ಇರಲಿ ಹೋಗಲಿ, ಚರಕ ತಿರುಗುವುದು ಅವಳ ಕೈಯಿಂದ. ಖಾದಿಯ ಬೆಲೆ ಹೆಚ್ಚೆಂದು ಅಂಗಡಿಯಲ್ಲಿ ಮುಖ ಸಿಂಡರಿಸುವ ಪೋಷಕರು ಒಂದು ಕ್ಷಣ ಈ ಇಪ್ಪತ್ತು ಕಿಲೋಮೀಟರನ್ನು ಮನಸ್ಸಿಗೆ ತಂದುಕೊಳ್ಳಲಿ.

ಹೆಣ್ಣುಮಕ್ಕಳ ಕೈಕೆಲಸಕ್ಕೂ ಕಲಹಕ್ಕೂ ಇರುವ ಸಂಬಂಧವು ಹೊಸದಲ್ಲ. ಮಿಷನ್ ಶಾಲೆಗಳಲ್ಲಿ ಓದಿದ ನಮಗಂತೂ ಅದು ಮನೆಯ ಚರಿತ್ರೆಯೇ. ದಕ್ಷಿಣ ತಿರುವಾಂಕೂರಿನ ನಾಗರಕೋಯಿಲಿನಲ್ಲಿ ಲಂಡನ್ ಮಿಷನ್ನಿನ ಶ್ರೀಮತಿ ಮಾರ್ಥಾ ಮಾಲ್ಟ್ ಅವರು ೧೮೨೦ರ ದಶಕದಲ್ಲಿ ಹುಡುಗಿಯರಿಗೆ ಲೇಸು ಹೆಣೆಯುವುದನ್ನು ಕಲಿಸಿದರು. ಆ ಹುಡುಗಿಯರಲ್ಲಿ ಜೀತದಾಳುಗಳಾಗಿ ಹುಟ್ಟಿದವರಿದ್ದರು. ತಾವು ಹೆಣೆದ ಲೇಸಿನ ಹಣದಿಂದ ಒಡೆಯರಿಗೆ ಕ್ರಯ ಕೊಟ್ಟು ಅವರಲ್ಲಿ ಕೆಲವರು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡರು. ತಿರುವಾಂಕೂರಿನಲ್ಲಿ ಜೀತಪದ್ಧತಿಯು ಕಾಯಿದೆಯಿಂದ ರದ್ದಾದದ್ದು ೧೮೫೫ರಲ್ಲಿ. ಕೆಳಜಾತಿಯವರೆನಿಸಿಕೊಂಡ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದೆಯಬಾರದೆಂಬ ಕಟ್ಟಳೆಯ ಕಾರಣದಿಂದ ಅದೇ ಸೀಮೆಯಲ್ಲಿ ಹಲವು ದಶಕಗಳ ಕಾಲ ಹೊಡೆದಾಟಗಳಾದುವು. ರವಿಕೆ ತೊಡುವ ಹಕ್ಕು ನಾಡಾರ್ ಹೆಂಗಸರಿಗೆ ದೊರೆತದ್ದು ೧೮೫೯ರ ರಾಜಾಜ್ಞೆಯಿಂದ. ಸೂಜಿ ದಾರಗಳ ಕೆಲಸವನ್ನು ಹೆಣ್ಣುಮಕ್ಕಳ ಕಾಲಕ್ಷೇಪವೆಂದು ಹಗುರವಾಗಿ ಮಾತನಾಡುವವರು ಈ ಸಂಗತಿಯನ್ನು ಅರಿಯರು.

ಆದರೆ ಆ ಲೇಸಿನ ಚರಿತ್ರೆಯಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಆ ಹುಡುಗಿಯರು ತಮ್ಮ ಬಿಡುಗಡೆಗೆ ಕ್ರಯ ಕೊಡುವಷ್ಟು ಹಣ ಕೂಡಿಸಲು ಹೇಗೆ ಸಾಧ್ಯವಾಯಿತು? ಲೇಸು ಚೆನ್ನಾಗಿತ್ತು, ಕೊಳ್ಳುವವರು ಮತ್ತೆ ಮತ್ತೆ ಕೊಂಡರು, ಹಣ ಹೆಣೆದವಳ ಕೈಗೆ ಸೇರಿತು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಅವಳು ಜೀತದಲ್ಲೇ ಉಳಿಯುತ್ತಿದ್ದಳು. ಕನಿಕರದಿಂದ ಒಂದೇ ಸಾರಿ ಕೊಳ್ಳುವವರಿಂದ ಇಂಥ ಬಿಡುಗಡೆ ಸಾಧ್ಯವಾಗುತ್ತಿರಲಿಲ್ಲ. ಅದರ ನ್ಯೂನತೆಯನ್ನೂ ಹೇಳಿಬಿಡುವೆನು: ಆ ಲೇಸನ್ನು ಹೆಣೆದವಳ ನೆರೆಮನೆಯವರು ಕೊಳ್ಳುವಂತಿರಲಿಲ್ಲ. ದೂರದ ದೇಶದ ಅಭಿರುಚಿಯನ್ನು ನಂಬಿಕೊಂಡ ಕೆಲಸವು ಆ ಅಭಿರುಚಿ ಬದಲಾದ ದಿನ ಕುಗ್ಗುವುದು. ಆದ್ದರಿಂದ ಮೈಸೂರು ಜಿಲ್ಲೆಯ ನೂಲಿಗೆ ಮೊದಲನೆಯ ಗಿರಾಕಿ ಬೆಂಗಳೂರೇ ಆಗಿರುವುದು ಕ್ಷೇಮ.

ಅದೇ ಮೈಸೂರು ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, ೧೯೬೦ರಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿರುವರು. ನಮ್ಮ ಸಂಸ್ಥಾನದ ಸರ್ಕಾರವು ಅವರಿಗೆ ಕಾಡುನೆಲವನ್ನು ಕೊಟ್ಟು ಇಳಿಸಿತು. ಮುಂದೆ ಮುಂಡಗೋಡಿನಲ್ಲಿಯೂ ಹುಣಸೂರಿನ ಬಳಿಯಲ್ಲಿಯೂ ಕೊಳ್ಳೇಗಾಲದ ಆಚೆ ಒಡೆಯರಪಾಳ್ಯದಲ್ಲಿಯೂ ಅವರ ವಸತಿಗಳಾದುವು. ಕಾಡು ಕಡಿದು ಜೋಳ ಬಿತ್ತುವುದರ ಜೊತೆಗೆ ಅವರು ತಂದದ್ದು ರತ್ನಗಂಬಳಿಯ ಕೆಲಸ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಹೆಂಗಸರು ಸಾಲಾಗಿ ಕುಳಿತು, ಅಡ್ಡಲಾಗಿ ಹಿಡಿದ ಕಂಬಿಯ ಮೇಲೆ ಉಣ್ಣೆಯ ದಾರವನ್ನು ಕುಣಿಕೆ ಕುಣಿಕೆಯಾಗಿ ಸುತ್ತಿ, ಸಾಲು ತುಂಬಿದ ಮೇಲೆ ಬಡಿದು, ಕುಣಿಕೆಗಳನ್ನು ಕೊಯ್ದು ಕಂಬಿಯನ್ನು ಬಿಡಿಸುವರು. ಹೀಗೆ ಸಾಲಿನ ಮೇಲೆ ಸಾಲು ಬೆಳೆಯುವ ಕಂಬಳಿಯು ವಾರಗಳ ಕೆಲಸ. ನಮ್ಮ ಊರಿನ ಚಳಿಗಾಲದಲ್ಲಿ ರಸ್ತೆಯ ಬದಿಯ ಸಾಲು ಅಂಗಡಿಗಳಲ್ಲಿ ಟಿಬೆಟ್ಟಿನ ತಾಯಂದಿರು ಮಾರುವ ಸ್ವೆಟರನ್ನು ಕೊಂಡು, ನಿರಾಶ್ರಿತರ ಕೈಕೆಲಸಕ್ಕೆ ಸಹಾಯ ಮಾಡಿದೆವೆಂದು ಸಂತೋಷಪಡುವವರುಂಟು. ಆ ಸ್ವೆಟರುಗಳಲ್ಲಿ ಬಹುಪಾಲು ಲುಧಿಯಾನದ ಯಂತ್ರಗಳಲ್ಲಿ ಹೆಣೆದವು. ಮಾರುವವಳಿಗೆ ಲಾಭ ಬರುವುದರಿಂದ ಅದನ್ನು ಕೊಳ್ಳುವುದರಲ್ಲಿ ಕೆಡುಕೇನೂ ಇಲ್ಲ. ಆದರೆ ಮಗ್ಗದ ಮುಂದೆ ಕುಳಿತವಳಿಗೆ ಅದರಿಂದ ಒಂದು ಕಾಸೂ ಮುಟ್ಟದು. ನಾವು ಏನನ್ನು ಕೊಳ್ಳುತ್ತಿರುವೆವೆಂದು ಕೇಳಿ ತಿಳಿಯುವುದು ನ್ಯಾಯವಾದ ವ್ಯಾಪಾರದ ಮೊದಲನೆಯ ಪಾಠ. ಮಾರುವವಳ ಮುಖವನ್ನು ನೋಡಿ ಊಹಿಸುವುದು ಸಾಲದು.

ನ್ಯಾಯವಾದ ವ್ಯಾಪಾರವೆಂಬ ಮಾತು ಈಗ ಜಗತ್ತಿನಲ್ಲೆಲ್ಲ ಕೇಳಬರುವುದು. ಅದರ ಬೇರನ್ನು ಹುಡುಕುತ್ತ ಹೋದರೆ ನಮ್ಮಂಥ ಹೆಂಗಸೊಬ್ಬಳೇ ಸಿಕ್ಕುವಳು. ಅಮೆರಿಕದ ಮೆನ್ನೊನೈಟ್ ಪಂಗಡದ ಎಡ್ನಾ ರೂತ್ ಬೈಲರ್ ಎಂಬಾಕೆ ೧೯೪೬ರಲ್ಲಿ ಪೋರ್ಟೊರಿಕೋ ದ್ವೀಪದಲ್ಲಿ ಬಡ ಹೆಂಗಸರ ಕಸೂತಿಯನ್ನು ಕಂಡು, ಅದನ್ನು ಕೊಂಡು ತಂದು ತನ್ನ ಪರಿಚಯದವರಿಗೆ ಮಾರಿದಳು. ಮುಂದೆ ಪ್ಯಾಲೆಸ್ಟೈನಿನ ನಿರಾಶ್ರಿತ ಹೆಂಗಸರ ಸೂಜಿಕೆಲಸವೂ ಅವಳ ಮಾರಾಟದಲ್ಲಿ ಸೇರಿತು. ದೊಡ್ಡ ಬಂಡವಾಳವಿಲ್ಲ, ಅಂಗಡಿಯಿಲ್ಲ. ವರ್ಷ ವರ್ಷವೂ ಬಿಡದೆ ಮಾಡಿದಳೆಂಬುದೇ ಅವಳ ವಿಶೇಷ. ಈ ಬಗೆಯ ವ್ಯಾಪಾರಕ್ಕೆ ಈಗ ಒಂದು ವಿಶ್ವಸಂಸ್ಥೆಯೂ ಹತ್ತು ನಿಯಮಗಳೂ ಇವೆ. ಹತ್ತನ್ನೂ ಇಲ್ಲಿ ಬರೆಯುವುದಿಲ್ಲ. ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು ಒಂದು: ಕೈಕೆಲಸದ ಸಾಮಾನನ್ನು ತರಿಸಿಕೊಳ್ಳುವವರು, ಮಾಡುವವರು ಕೇಳಿದಲ್ಲಿ, ಕ್ರಯದಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟನ್ನು ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕು.

ಈ ಮುಂಗಡದ ಮಹತ್ವವು ಸಂಬಳವನ್ನು ತಿಂಗಳ ಕೊನೆಗೆ ತಪ್ಪದೆ ಪಡೆಯುವ ನಮಗೆ ಸುಲಭವಾಗಿ ತಿಳಿಯದು. ನೂಲು, ಬಣ್ಣ, ಉಣ್ಣೆ, ಇವುಗಳಿಗೆ ಮೊದಲೇ ಹಣ ಬೇಕು. ಊರು ಸುಟ್ಟು ಬಂದವಳಿಗೆ ಬ್ಯಾಂಕಿನಲ್ಲಿ ಒತ್ತೆ ಇಡಲು ಏನೂ ಇರುವುದಿಲ್ಲ. ಹಗೆಯು ಹೊಗೆಯಾಡುವ ಊರಿನಲ್ಲಿ ನೆರೆಯ ಅಂಗಡಿಯವನು ಉದ್ದರಿ ಕೊಡುವುದಿಲ್ಲ. ಆಗ ಅವಳು ಹೋಗುವುದು ತಿಂಗಳಿಗೆ ನೂರಕ್ಕೆ ಇಷ್ಟೆಂದು ಬಡ್ಡಿ ಹಿಡಿಯುವವನ ಬಳಿಗೆ. ನಮ್ಮ ಹಣ ಮೂರು ತಿಂಗಳು ತಡವಾಗಿ ತಲಪುವಷ್ಟರಲ್ಲಿ ಅವಳ ಲಾಭವನ್ನೆಲ್ಲ ಬಡ್ಡಿಯೇ ತಿಂದಿರುವುದು. ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಕೂಡದೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ಬಿಲ್ಲು ಬಂದ ತೊಂಬತ್ತು ದಿನಗಳ ಮೇಲೆ ಹಣ ಎಂಬುದು ಈ ಕಾಲದ ದೊಡ್ಡ ವ್ಯಾಪಾರಗಳ ವಾಡಿಕೆ. ೨೦೨೦ರಲ್ಲಿ ಕೊರೊನಾ ರೋಗವು ಹಬ್ಬಿದಾಗ ವಿದೇಶದ ಹೆಸರಾಂತ ಬಟ್ಟೆ ವ್ಯಾಪಾರಿಗಳಲ್ಲಿ ಅನೇಕರು ಬಾಂಗ್ಲಾದೇಶದಲ್ಲಿ ಹೊಲಿದು ಮುಗಿಸಿದ ಬಟ್ಟೆಗಳನ್ನು ಸಹ ಬೇಡವೆಂದು ಆರ್ಡರುಗಳನ್ನು ರದ್ದುಮಾಡಿದರು. ಅದರ ಪೆಟ್ಟು ಬಿದ್ದದ್ದು ಹೊಲಿದ ಹೆಂಗಸರ ಮೇಲೆ.

ವಿದೇಶದವರನ್ನೇ ದೂರಿ ಸುಮ್ಮನಾಗುವುದೂ ಸರಿಯಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘವು ಕೈಮಗ್ಗದ ಬಟ್ಟೆಯನ್ನು ನೇಯ್ದು, ಅಡಿಕೆಯ ಚೊಗರಿನಂಥ ನೈಸರ್ಗಿಕ ಬಣ್ಣಗಳನ್ನು ಹಾಕಿ, ದೇಸಿ ಅಂಗಡಿಗಳ ಮೂಲಕ ಬೆಂಗಳೂರಿನಲ್ಲಿ ಮಾರುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಬಲ್ಲರು. ಅಲ್ಲಿಯ ಕುಪ್ಪಸದ ಬಟ್ಟೆಯನ್ನು ಉಟ್ಟು ಬಂದವರನ್ನು ನಾನು ಕಂಡಿರುವೆನು. ಮಲೆನಾಡಿನ ಆ ಮೂಲೆಯಲ್ಲಿ ದೊಂಬಿಯೂ ಇರಲಿಲ್ಲ, ಯುದ್ಧವೂ ಇರಲಿಲ್ಲ. ಬಟ್ಟೆ ಚೆನ್ನಾಗಿತ್ತು, ಹೆಸರೂ ಇತ್ತು. ಆದರೂ ಬರಬೇಕಾದ ಹಣ ಸಕಾಲಕ್ಕೆ ಬಾರದೆ, ಕೊರೊನಾದಿಂದ ಮಾರಾಟವೂ ನಿಂತು, ೨೦೨೦ರಲ್ಲಿ ಆ ಸಂಘವು ಕೆಲಸ ನಿಲ್ಲಿಸುವುದಾಗಿ ಸಾರಬೇಕಾಯಿತು. ಅಷ್ಟು ಭದ್ರವಾಗಿ ಕಟ್ಟಿದ ಸಂಸ್ಥೆಯೇ ಹಣದ ವಿಳಂಬದಿಂದ ಕುಸಿಯುವುದಾದರೆ, ಶಿಬಿರದ ತಗಡಿನ ಸೂರಿನ ಕೆಳಗೆ ನಾಲ್ಕು ಮಂದಿ ಸೇರಿ ಮಾಡಿಕೊಂಡ ಸಂಘದ ಪಾಡೇನು?

ಇನ್ನು ನಮ್ಮ ಬಾಗಿಲಿನ ಸಂಗತಿ. ಕಲಹಪೀಡಿತ ಪ್ರದೇಶವೆಂದರೆ ಭೂಪಟದಲ್ಲಿ ದೂರವಿರುವುದೆಂದು ನಮ್ಮ ಮಕ್ಕಳು ತಿಳಿಯುವರು. ೨೦೧೬ರ ಸೆಪ್ಟೆಂಬರ್ ೧೨ರಂದು ಕಾವೇರಿ ನೀರಿನ ವಿಷಯವಾಗಿ ಬೆಂಗಳೂರಿನಲ್ಲಿ ಎದ್ದ ದೊಂಬಿಯಲ್ಲಿ ಮೈಸೂರು ರಸ್ತೆಯ ನಾಯಂಡಹಳ್ಳಿಯ ಕಡೆ ಒಂದೇ ನಿಲ್ದಾಣದಲ್ಲಿ ಮೂವತ್ತಕ್ಕೂ ಮಿಕ್ಕಿ ಬಸ್ಸುಗಳು ಸುಟ್ಟುವು. ಆ ರಾತ್ರಿ ಹದಿನಾರು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಕೆಂಗೇರಿ, ಎಲ್ಲವೂ ಆ ಹದಿನಾರರಲ್ಲಿ ಸೇರಿದ್ದವು. ನಮ್ಮ ವಿದ್ಯಾರ್ಥಿನಿಯರು ದಿನಾಲೂ ನಡೆದು ಬರುವ ಬೀದಿಗಳು ಇವೇ ಅಲ್ಲವೇ?

ಈ ಬಡಾವಣೆಗಳ ಹಿಂದಣ ಕೇರಿಗಳಲ್ಲಿ ಊದುಬತ್ತಿ ಹೊಸೆದು ಸಂಸಾರ ನಡೆಸುವ ಹೆಂಗಸರಿರುವರು. ನಮ್ಮ ಶಾಲೆಯ ಮಕ್ಕಳ ತಾಯಂದಿರೂ ಅವರಲ್ಲಿರುವರು. ಮಣೆಯ ಮೇಲೆ ಬಿದಿರುಕಡ್ಡಿಯನ್ನಿಟ್ಟು ಕಪ್ಪು ಹಿಟ್ಟನ್ನು ಅಂಗೈಯಿಂದ ಹೊಸೆದು, ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ ಪಡೆಯುವರು. ಕರ್ಫ್ಯೂ ಇದ್ದ ದಿನ ಕಡ್ಡಿಯನ್ನೂ ಹಿಟ್ಟನ್ನೂ ಕೊಡುವವನು ಬಾರನು. ಹೊಸೆದದ್ದನ್ನು ಒಯ್ಯುವವನೂ ಬಾರನು. ಲೆಕ್ಕದ ಮೇಲೆ ಕೆಲಸ ಮಾಡುವವಳಿಗೆ ರಜೆಯ ಸಂಬಳವೆಂಬುದಿಲ್ಲ. ದೊಂಬಿಯ ನಷ್ಟವನ್ನು ಬರೆದವರು ಸುಟ್ಟ ಬಸ್ಸುಗಳನ್ನು ಎಣಿಸಿದರು. ಹೊಸೆಯದೆ ಉಳಿದ ಕಡ್ಡಿಗಳನ್ನು ಎಣಿಸಿದವರಿಲ್ಲ. ಶಾಲೆಯು ಮತ್ತೆ ತೆರೆದ ವಾರದಲ್ಲಿ ಒಬ್ಬ ತಾಯಿ ಬಂದು, ಮಗಳ ವಾಹನದ ಹಣಕ್ಕೆ ಹದಿನೈದು ದಿನಗಳ ಗಡುವು ಕೇಳಿದರು. ಅವರು ಗಲಭೆಯ ವಿಷಯವನ್ನೇ ಎತ್ತಲಿಲ್ಲ. ಸಾಮಾನು ಬರಲಿಲ್ಲ ಅಮ್ಮಾ ಎಂದಷ್ಟೇ ಹೇಳಿದರು. ಈ ತಾಯಂದಿರಿಗೆ ಚೀಟಿಯೂ ಇಲ್ಲ, ನಮ್ಮ ಮಾರಾಟದಲ್ಲಿ ಮೇಜೂ ಇಲ್ಲ; ಅವರ ದುಃಖವು ನಮಗೆ ತೀರ ಹತ್ತಿರವಾಗಿರುವುದೇ ಇದಕ್ಕೆ ಕಾರಣವೆಂದು ನನಗೆ ತೋರುವುದು.

ಈಗ ಪೋಷಕರು ಎತ್ತಿದ ಆಕ್ಷೇಪಣೆಗಳಿಗೆ ಬರುವೆನು. ಕೈಮಗ್ಗದ ಬಟ್ಟೆಗೆ ಬೆಲೆ ಹೆಚ್ಚು ಎಂಬುದು ನಿಜ. ಯಾವ ಮನೆಯಲ್ಲಿ ಆ ಹೆಚ್ಚಿನ ಹಣವು ಹೊಟ್ಟೆಯಿಂದ ಕಿತ್ತು ಕೊಡಬೇಕಾದದ್ದೋ ಆ ಮನೆಯ ಮೇಲೆ ಅದನ್ನು ಹೊರಿಸಲು ನಾನು ಒಪ್ಪೆನು. ಒಬ್ಬ ಬಡವಳಿಂದ ಕಸಿದು ಇನ್ನೊಬ್ಬ ಬಡವಳಿಗೆ ಕೊಡುವುದು ನ್ಯಾಯವಲ್ಲ. ಆದರೆ ಹುಟ್ಟುಹಬ್ಬಕ್ಕೆ ತರಗತಿಯ ನಲವತ್ತು ಮಕ್ಕಳಿಗೂ ಪ್ಲಾಸ್ಟಿಕ್ ಪೆಟ್ಟಿಗೆ ಹಂಚುವ ಮನೆಯವರು ಬಟ್ಟೆಯ ಚೀಲಕ್ಕೆ ಮಾತ್ರ ಬಡತನವನ್ನು ನೆನೆಯುವುದು ನನಗೆ ಅರ್ಥವಾಗದು. ಎರಡನೆಯದಾಗಿ, ಕೆಲಸ ನಯವಾಗಿರುವುದಿಲ್ಲ ಎನ್ನುವರು. ಹೊಲಿಗೆಯ ಪರೀಕ್ಷೆಯಲ್ಲಿ ಸೊಟ್ಟಗೆ ಬಂದ ಅಂಚನ್ನು ನಾವು ಹುಡುಗಿಯಿಂದ ಬಿಚ್ಚಿಸಿ ಮತ್ತೆ ಹೊಲಿಸುವೆವಲ್ಲವೆ? ಇಲ್ಲಿಯೂ ಹಾಗೆಯೇ ಮಾಡತಕ್ಕದ್ದು. ಕೆಟ್ಟ ಕೆಲಸವನ್ನು ಪಾಪ ಎಂದು ಕೊಂಡುಬಿಡುವುದು ಮಾಡಿದವಳಿಗೆ ಅಪಕಾರ; ಹಿಂದಿರುಗಿಸಿ, ಹೀಗಲ್ಲ ಹೀಗೆ ಎಂದು ಹೇಳಿ, ಸರಿಪಡಿಸಿದ್ದಕ್ಕೆ ಪೂರ್ಣ ಕ್ರಯ ಕೊಡುವುದೇ ಅವಳನ್ನು ಕಸುಬುಗಾರ್ತಿಯೆಂದು ಭಾವಿಸಿದಂತೆ.

ಮೂರನೆಯ ಆಕ್ಷೇಪಣೆ ಸೂಕ್ಷ್ಮವಾದದ್ದು. ಎರಡು ಪಂಗಡಗಳು ಹೊಡೆದಾಡಿದ ಊರಿನಲ್ಲಿ ಒಂದು ಕಡೆಯವರಿಂದ ಕೊಂಡರೆ ನಾವೂ ಪಕ್ಷ ಹಿಡಿದಂತಾಗದೆ ಎಂದು ಕೇಳಿದರು. ಈ ಭಯಕ್ಕೆ ಆಧಾರವುಂಟು. ಹಣವು ಎಲ್ಲಿಗೆ ಹರಿಯುವುದೋ ಅಲ್ಲಿ ಅಸೂಯೆಯೂ ಹರಿಯುವುದು. ಅದಕ್ಕಾಗಿ ಸುಮ್ಮನೆ ಕುಳಿತರೆ ಯಾರ ಮಗ್ಗವೂ ಆಡುವುದಿಲ್ಲ. ನಾವು ಕೊಳ್ಳುವ ಸಂಘದಲ್ಲಿ ಯಾವ ಯಾವ ಕೇರಿಯವರು ಸೇರಿರುವರು, ಕೂಲಿಯ ಪುಸ್ತಕವನ್ನು ಯಾರು ಬರೆಯುವರು, ಹೊಸಬರಿಗೆ ಪ್ರವೇಶವುಂಟೇ ಎಂದು ಕೇಳುವುದು ನಮ್ಮ ಹಕ್ಕು. ಇವರೂ ಅವರೂ ಒಂದೇ ಪುಸ್ತಕದಲ್ಲಿ ಕೂಲಿಗೆ ರುಜು ಹಾಕುವ ಸಂಘ ಸಿಕ್ಕಿದರೆ ಅಲ್ಲಿ ಮೊದಲು ಕೊಳ್ಳೋಣ. ಸಿಕ್ಕದಿದ್ದರೆ, ಹೆಚ್ಚು ಕಳೆದುಕೊಂಡವರಿಂದ ಕೊಳ್ಳಲು ನಾನು ನಾಚುವುದಿಲ್ಲ.

ನನ್ನ ಸೂಚನೆಯು ಹೀಗಿದೆ. ಶಾಲೆಗೆ ಪ್ರತಿ ವರ್ಷವೂ ತಪ್ಪದೆ ಬೇಕಾಗುವ ಬಟ್ಟೆಯುಂಟು: ಕೆಳತರಗತಿಗಳ ಪುಸ್ತಕದ ಚೀಲ, ಹೊಲಿಗೆ ತರಗತಿಯ ಅಭ್ಯಾಸದ ತುಂಡು, ಬಹುಮಾನ ಸಮಾರಂಭದ ಮೇಜುಗಳ ಹೊದಿಕೆ, ಅತಿಥಿಗಳಿಗೆ ಹಾರದ ಬದಲು ಕೊಡುವ ಶಾಲು. ಇವನ್ನು ಒಂದು ಕೈನೂಲಿನ ಸಂಘದಿಂದ ಮೂರು ವರ್ಷಗಳಿಗೆ ಮಾತು ಕೊಟ್ಟು ತರಿಸೋಣ. ಆರ್ಡರನ್ನು ಫೆಬ್ರವರಿಯಲ್ಲಿಯೇ ಕಳುಹಿಸಿ ಅರ್ಧ ಹಣವನ್ನು ಅದರೊಡನೆಯೇ ಕೊಡೋಣ. ಮಳೆಗಾಲ ಹಿಡಿದ ಮೇಲೆ ಬಣ್ಣ ಹಾಕಿದ ನೂಲು ಒಣಗುವುದು ನಿಧಾನವೆಂಬುದನ್ನು ಮರೆತು ಜೂನ್ ತಿಂಗಳಲ್ಲಿ ಅವಸರಪಡಿಸುವುದು ಬೇಡ. ಉಳಿದ ಅರ್ಧವನ್ನು ಬಟ್ಟೆ ಕೈಗೆ ಬಂದ ವಾರದೊಳಗೆ ಸಲ್ಲಿಸೋಣ. ಚೀಟಿಯಲ್ಲಿ ಬಟ್ಟೆಯ ಅಗಲ, ನೂಲಿನ ಜಾತಿ, ತೊಳೆಯುವ ಕ್ರಮ ಮತ್ತು ನೇಯ್ದವರಿಗೆ ಸಂದ ಕೂಲಿ ಇರಲಿ. ಮಾಡಿದವಳು ತನ್ನ ಹೆಸರನ್ನು ಹಾಕಿಸಲು ಇಚ್ಛಿಸಿದರೆ ಹಾಕಲಿ. ಅವಳ ಗಂಡನನ್ನು ಯಾರು ಕೊಂದರು, ಮನೆ ಹೇಗೆ ಸುಟ್ಟಿತು ಎಂಬುದು ಹತ್ತು ವರ್ಷದ ಹುಡುಗಿಯ ಪುಸ್ತಕದ ಚೀಲದ ಮೇಲೆ ಬೇಕಾಗಿಲ್ಲ. ದೊಡ್ಡ ತರಗತಿಯ ಹುಡುಗಿಯರು ಆ ಚರಿತ್ರೆಯನ್ನು ತಿಳಿಯಲೇಬೇಕು. ಅದನ್ನು ಸಮಾಜಪಾಠದ ತರಗತಿಯಲ್ಲಿ, ಹೆಸರು ದಿನಾಂಕಗಳೊಡನೆ, ಮುಚ್ಚುಮರೆಯಿಲ್ಲದೆ ನಾವು ಕಲಿಸುವೆವು.

ಹಳೆಯ ವಿದ್ಯಾರ್ಥಿನಿಯರಲ್ಲಿ ಬ್ಯಾಂಕಿನಲ್ಲಿರುವವರೂ, ಬಟ್ಟೆಯ ವ್ಯಾಪಾರದಲ್ಲಿರುವವರೂ, ಮೈಸೂರು ರಸ್ತೆ ಮತ್ತು ಪೀಣ್ಯದ ಕಾರ್ಖಾನೆಗಳಲ್ಲಿ ಅಧಿಕಾರದಲ್ಲಿರುವವರೂ ಉಂಟು. ಅವರಿಂದ ಹಣಕ್ಕಿಂತ ಹೆಚ್ಚಾಗಿ ಅವರ ತಿಳಿವಳಿಕೆಯನ್ನು ಬೇಡುವೆನು: ಮೂರು ವರ್ಷದ ಕರಾರನ್ನು ಹೇಗೆ ಬರೆಯಬೇಕು, ಸಾಗಣೆಯ ಖರ್ಚನ್ನು ಯಾರು ಹೊರಬೇಕು, ಬಟ್ಟೆ ಕೆಟ್ಟು ಬಂದರೆ ಏನು ಮಾಡಬೇಕು. ತಮ್ಮ ತಮ್ಮ ಕಚೇರಿಗಳಲ್ಲಿ ಬಿಲ್ಲುಗಳಿಗೆ ರುಜು ಹಾಕುವ ಸ್ಥಾನದಲ್ಲಿರುವ ಸಹೋದರಿಯರು, ಚಿಕ್ಕ ಸಂಘಗಳ ಬಿಲ್ಲುಗಳನ್ನು ಮೇಜಿನ ಮೇಲೆ ಕೆಳಗಿನಿಂದ ತೆಗೆದು ಮೇಲಕ್ಕೆ ಇಡುವುದನ್ನು ಈ ವಾರದಿಂದಲೇ ಆರಂಭಿಸಬಹುದು.

ಚೀಲದ ಬೆಲೆಯು ಈಗ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಸ್ವಲ್ಪ ಹೆಚ್ಚಾಗುವುದು. ಆ ಹೆಚ್ಚಳವನ್ನು ಕೊಡಲಾರದ ಮಕ್ಕಳ ಪಾಲನ್ನು ಹಳೆಯ ವಿದ್ಯಾರ್ಥಿನಿಯರ ಸಂಘದ ನಿಧಿಯಿಂದ ತುಂಬಲು ಸಂಘದವರು ಒಪ್ಪಿರುವರು. ಯಾರು ಕೊಟ್ಟರು, ಯಾರು ಕೊಡಲಿಲ್ಲವೆಂಬುದು ತರಗತಿಗೆ ತಿಳಿಯದಂತೆ ನನ್ನ ಕೋಣೆಯಲ್ಲಿಯೇ ಲೆಕ್ಕವಿರುವುದು. ಬಟ್ಟೆಯ ಮೂರು ಮಾದರಿಗಳನ್ನು ತರಿಸಿ ಕಚೇರಿಯಲ್ಲಿಟ್ಟಿದೆ. ಪೋಷಕರು ಬಂದು ಕೈಯಿಂದ ಮುಟ್ಟಿ, ಎಳೆದು, ಬೇಕಾದರೆ ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ ನೋಡಲಿ. ಯೋಜನೆಯನ್ನು ಒಪ್ಪದವರು ಪೋಷಕರ ಸಭೆಯಲ್ಲಿ ಎದ್ದುನಿಂತು ಹೇಳಲಿ. ಮೂರರಲ್ಲಿ ಯಾವ ಬಣ್ಣವೆಂಬುದನ್ನು ಮಾತ್ರ ನಾನು ಕೆಳತರಗತಿಯ ಮಕ್ಕಳಿಗೇ ಬಿಟ್ಟಿರುವೆನು; ಅವರಲ್ಲಿ ಬಹುಮತವು ಈಗಾಗಲೇ ಇಟ್ಟಿಗೆಗೆಂಪಿನ ಕಡೆಗಿದೆ.